‘ಬಂದಲಿಲ್ಲ’ ಎಂದು ಯಾರೂ ಹೇಳುವುದಿಲ್ಲ

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೆನಪಿಸುವ ಸೇತುಬಂಧದ ದಿನಗಳು ನಡೆಯುತ್ತಿರುವಾಗ, ಏಳನೆಯ ತರಗತಿಯ ಮಕ್ಕಳಿಗೆ ನಾನು ಒಂದು ಬರವಣಿಗೆಯ ಕೆಲಸ ಕೊಡುತ್ತೇನೆ. ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ, ಅಲ್ಲಿ ಯಾರಿದ್ದರು, ಏನು ಮಾಡಿದಿರಿ, ಏನು ಮಾಡಲಾಗಲಿಲ್ಲ ಎಂಬುದನ್ನು ಎಂಟು ಹತ್ತು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಪದ ತಿಳಿಯದಿದ್ದರೆ ಅದನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ವಾಕ್ಯವನ್ನು ಅರ್ಧಕ್ಕೆ ಬಿಡಬಾರದು. ಆ ಹಾಳೆಗಳನ್ನು ಮನೆಗೆ ತಂದು ರಾತ್ರಿ ಓದುತ್ತಾ ಕುಳಿತಾಗಲೆಲ್ಲ ನನಗೆ ಕಾಣುವುದು ಒಂದೇ. ವರ್ಷ ಬದಲಾಗುತ್ತದೆ, ಮಕ್ಕಳು ಬದಲಾಗುತ್ತಾರೆ, ತಪ್ಪುಗಳು ಮಾತ್ರ ಬದಲಾಗುವುದಿಲ್ಲ. ‘ಐ ಡಿಡ್ ನಾಟ್ ವೆಂಟ್’, ‘ಟು ಮೀ ಟೂ ಸಿಸ್ಟರ್ಸ್’, ‘ಹೀ ಡ್ರೈವರ್’, ‘ಮೈ ಫಾದರ್ ಆರ್ ಫಾರ್ಮರ್’, ‘ಐ ಹ್ಯಾಡ್ ಗಾನ್ ಟು ಮೈಸೂರು’. ಒಬ್ಬರನ್ನೊಬ್ಬರು ನೋಡಿ ಬರೆಯದ ಮೂವತ್ತು ನಲವತ್ತು ಮಕ್ಕಳು ಒಂದೇ ಬಗೆಯ ತಪ್ಪುಗಳನ್ನು ಮಾಡುತ್ತಾರೆಂದರೆ ಆ ತಪ್ಪಿನ ಹಿಂದೆ ಒಂದು ಕ್ರಮವಿರಲೇಬೇಕು. ಆ ಕ್ರಮದ ಹೆಸರು ಕನ್ನಡ ಎಂಬುದು ನನಗೆ ಹೊಳೆಯಲು, ಹೇಳಬೇಕೆಂದರೆ, ಆರೇಳು ವರ್ಷಗಳ ಪಾಠವೇ ಬೇಕಾಯಿತು.

ನಾನು ಕಲಿಯುವಾಗ ಇಂಗ್ಲಿಷ್ ವ್ಯಾಕರಣವೆಂದರೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದಾಗಿತ್ತು. ಪದಗಳ ಎಂಟು ವಿಧಗಳು, ಪ್ರತಿಯೊಂದಕ್ಕೂ ಒಂದು ವಾಕ್ಯದ ವ್ಯಾಖ್ಯೆ, ಹನ್ನೆರಡು ಕಾಲರೂಪಗಳ ಪಟ್ಟಿ, ಕ್ರಿಯಾಪದಗಳ ಮೂರು ರೂಪಗಳ ಇನ್ನೊಂದು ಪಟ್ಟಿ. ಬೆಳಿಗ್ಗೆ ಮಗ್ಗಿಯ ಹಾಗೆ ಅವನ್ನು ಒಪ್ಪಿಸಿದ ನಾವು ಮಧ್ಯಾಹ್ನ ಒಂದು ರಜಾ ಅರ್ಜಿಯನ್ನು ಸ್ವಂತವಾಗಿ ಬರೆಯಲಾರದೆ ಕುಳಿತಿರುತ್ತಿದ್ದೆವು. ಶಿಕ್ಷಕಿಯಾದ ಮೊದಲ ವರ್ಷಗಳಲ್ಲಿ ನಾನೂ ಅದನ್ನೇ ಮಾಡಿದೆ. ಕೆಂಪು ಶಾಯಿಯಲ್ಲಿ ‘ವೆಂಟ್’ ಹೊಡೆದು ‘ಗೋ’ ಎಂದು ಬರೆಯುತ್ತಿದ್ದೆ, ಮಕ್ಕಳು ಸರಿಪಡಿಸಿದ ವಾಕ್ಯವನ್ನು ಐದು ಸಲ ಬರೆದು ತರುತ್ತಿದ್ದರು, ಮುಂದಿನ ವಾರ ಅದೇ ‘ಡಿಡ್ ನಾಟ್ ವೆಂಟ್’ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಕೆಂಪು ಗೆರೆ ತಪ್ಪಿನ ಜಾಗವನ್ನು ತೋರಿಸುತ್ತಿತ್ತು. ಅದರ ಕಾರಣವನ್ನು ಎಂದೂ ತೋರಿಸಿರಲಿಲ್ಲ.

ಬದಲಾವಣೆ ಬಂದದ್ದು ಒಂದು ಸಾಧಾರಣ ತರಗತಿಯಲ್ಲಿ. ‘ಡಿಡ್ ನಾಟ್ ಕೇಮ್’ ಏಕೆ ತಪ್ಪು ಎಂಬುದನ್ನು ಮೂರನೆಯ ಸಲ ವಿವರಿಸುತ್ತಿದ್ದೆ. ಮಕ್ಕಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಗ ಏನೋ ಹೊಳೆದು ಹಲಗೆಯ ಮೇಲೆ ‘ಬಂದನು’ ಎಂದು ಬರೆದು, ಇದಕ್ಕೆ ವಿರುದ್ಧವಾಗಿ ಹೇಳಿ ಎಂದೆ. ‘ಬರಲಿಲ್ಲ’ ಎಂದರು. ‘ಬಂದಲಿಲ್ಲ’ ಎನ್ನಬಹುದಲ್ಲವೇ, ಬಂದದ್ದು ಭೂತಕಾಲ ತಾನೇ ಎಂದು ಕೇಳಿದೆ. ತರಗತಿಯಿಡೀ ನಕ್ಕಿತು. ‘ಹಂಗೆ ಯಾರೂ ಅನ್ನಲ್ಲ ಮಿಸ್’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಏಕೆ ಅನ್ನುವುದಿಲ್ಲ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ, ಆದರೆ ತಾನು ಹೇಳಿದ್ದು ಸರಿ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ‘ಹೋದಳು’ ಎಂಬುದಕ್ಕೆ ‘ಹೋಗಲಿಲ್ಲ’, ‘ತಿಂದರು’ ಎಂಬುದಕ್ಕೆ ‘ತಿನ್ನಲಿಲ್ಲ’, ‘ಬಿದ್ದಿತು’ ಎಂಬುದಕ್ಕೆ ‘ಬೀಳಲಿಲ್ಲ’ ಎಂದು ಮಕ್ಕಳೇ ಸಾಲಾಗಿ ಹೇಳಿದರು. ನಾನು ಪಕ್ಕದಲ್ಲಿ ‘ವೆಂಟ್, ಡಿಡ್ ನಾಟ್ ಗೋ’, ‘ಏಟ್, ಡಿಡ್ ನಾಟ್ ಈಟ್’, ‘ಫೆಲ್, ಡಿಡ್ ನಾಟ್ ಫಾಲ್’ ಎಂದು ಬರೆಯುತ್ತಾ ಹೋದೆ.

ಎರಡೂ ಭಾಷೆಗಳಲ್ಲಿ ನಡೆಯುವುದು ಒಂದೇ. ನಿಷೇಧ ಬಂದ ಕೂಡಲೇ ಭೂತಕಾಲದ ಗುರುತು ಮುಖ್ಯ ಕ್ರಿಯಾಪದವನ್ನು ಬಿಟ್ಟು ಹೊರಡುತ್ತದೆ. ಕನ್ನಡದಲ್ಲಿ ‘ಬಂದ’ ಎಂಬ ರೂಪ ಮರೆಯಾಗಿ ‘ಬರಲು’ ಎಂಬುದು ಉಳಿಯುತ್ತದೆ, ಕಾಲದ ಹೊಣೆಯನ್ನು ‘ಲಿಲ್ಲ’ ಎಂಬ ಭಾಗ ಹೊರುತ್ತದೆ. ಇಂಗ್ಲಿಷಿನಲ್ಲಿ ‘ಕೇಮ್’ ಹೋಗಿ ‘ಕಮ್’ ಉಳಿಯುತ್ತದೆ, ಕಾಲವನ್ನು ‘ಡಿಡ್’ ಹೊರುತ್ತದೆ. ಒಂದು ಕೊಡವನ್ನು ಇಬ್ಬರು ಹೊರುವ ಅಗತ್ಯವಿಲ್ಲ ಎಂದು ಮಕ್ಕಳಿಗೆ ಹೇಳುತ್ತೇನೆ. ‘ಡಿಡ್ ನಾಟ್ ಕೇಮ್’ ಎಂದು ಬರೆದ ಮಗು ತಾನು ‘ಬಂದಲಿಲ್ಲ’ ಎಂದು ಬರೆದಿದ್ದೇನೆ ಎಂಬುದನ್ನು ಒಮ್ಮೆ ಕಂಡುಕೊಂಡರೆ, ಆ ತಪ್ಪು ಅದರ ಕಿವಿಗೇ ಕರಕರೆಯಾಗುತ್ತದೆ.

ಅಂದು ಒಬ್ಬ ಹುಡುಗಿ ಎದ್ದು ನಿಂತು, ‘ಆದರೆ ಮಿಸ್, ಬಂದಿಲ್ಲ ಅಂತೀವಲ್ಲ?’ ಎಂದು ಕೇಳಿದಳು. ವ್ಯಾಕರಣದ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಬಸ್ಸು ‘ಬರಲಿಲ್ಲ’ ಎನ್ನುವುದಕ್ಕೂ ಬಸ್ಸು ‘ಬಂದಿಲ್ಲ’ ಎನ್ನುವುದಕ್ಕೂ ಇರುವ ಅಂತರ ನಿಲ್ದಾಣದಲ್ಲಿ ಕಾಯುವ ಪ್ರತಿ ಮಗುವಿಗೂ ಗೊತ್ತು. ಮೊದಲನೆಯದು ಮುಗಿದ ಮಾತು, ನಿನ್ನೆಯದು. ಎರಡನೆಯದರಲ್ಲಿ ಕಾಯುವಿಕೆ ಇನ್ನೂ ಇದೆ. ‘ಡಿಡ್ ನಾಟ್ ಕಮ್’ ಮತ್ತು ‘ಹ್ಯಾಸ್ ನಾಟ್ ಕಮ್’ ಎಂಬುವುಗಳ ನಡುವಿನ ಅಂತರವೂ ಅದೇ. ‘ತಿನ್ನಲಿಲ್ಲ’ ಎಂದರೆ ‘ಡಿಡ್ ನಾಟ್ ಈಟ್’, ‘ತಿಂದಿಲ್ಲ’ ಎಂದರೆ ‘ಹ್ಯಾಸ್ ನಾಟ್ ಈಟನ್’. ‘ಪ್ರೆಸೆಂಟ್ ಪರ್ಫೆಕ್ಟ್’ ಎಂಬ ಹೆಸರು ಕೇಳಿದರೆ ಹೆದರುವ ಮಕ್ಕಳು ದಿನಕ್ಕೆ ನೂರು ಸಲ ಅದರ ಜೋಡಿ ರೂಪವನ್ನು ಬಳಸುತ್ತಾರೆ: ‘ಊಟ ಮಾಡಿದೀನಿ’, ‘ಹೋಂವರ್ಕ್ ತಂದಿದೀನಿ’. ತಂದು ಇದ್ದೇನೆ, ತಂದ ಸ್ಥಿತಿಯಲ್ಲಿ ಇದ್ದೇನೆ. ಹಳೆಯ ಕೆಲಸ, ಈಗಿನ ಸ್ಥಿತಿ. ಹೊಸ ಪರಿಕಲ್ಪನೆಯೆಂದು ಹದಿನೈದು ದಿನ ಕಲಿಸುತ್ತಿದ್ದುದನ್ನು ಅಂದು ಒಂದೇ ಅವಧಿಯಲ್ಲಿ ಮಕ್ಕಳೇ ಕಂಡುಕೊಂಡರು.

ಕಲಿಯುವವರ ತಪ್ಪುಗಳು ಅಜ್ಞಾನದ ಗುರುತಾಗಿರದೆ ಅವರ ಒಳಗೆ ನಡೆಯುತ್ತಿರುವ ನಿಯಮಗಳ ಗುರುತಾಗಿರುತ್ತವೆ ಎಂಬ ವಿಚಾರವನ್ನು ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಷ್ಟು ಹಿಂದೆಯೇ ಮಂಡಿಸಿದ್ದರು. ನಾನು ಅದನ್ನು ಓದಿದ್ದು ಬಹಳ ತಡವಾಗಿ, ಮಕ್ಕಳಿಂದ ಕಲಿತ ಮೇಲೆ.

ನಮ್ಮಲ್ಲೇ ನಡೆದ ಒಂದು ದೊಡ್ಡ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಪಂಚದ ಭಾಷಾಶಿಕ್ಷಣದ ವಲಯದಲ್ಲಿ ಹೆಸರಾದ ಪ್ರಯೋಗ ಅದು. ವ್ಯಾಕರಣವನ್ನು ನಿಯಮಗಳಾಗಿ ಕಲಿಸುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ, ದೂರ, ಲೆಕ್ಕಾಚಾರ ಮುಂತಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರೆ, ಗಮನವೆಲ್ಲ ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ಆಧಾರ. ಐದು ಮತ್ತು ಆರನೆಯ ತರಗತಿಗಳಲ್ಲಿ ನಾನು ಆ ದಾರಿಯನ್ನೇ ಬಹುಮಟ್ಟಿಗೆ ಅನುಸರಿಸುತ್ತೇನೆ. ನಮ್ಮ ಊರಿನ ಬಸ್ಸುಗಳ ಸಮಯವನ್ನು ಹಲಗೆಯ ಮೇಲೆ ಬರೆದು ಪ್ರಶ್ನೆ ಕೇಳುವ ಪಾಠ ಇಂದಿಗೂ ಮಕ್ಕಳಿಗೆ ಪ್ರಿಯ. ಆದರೆ ಏಳು ಎಂಟನೆಯ ತರಗತಿಯ ಹೊತ್ತಿಗೆ, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಮಕ್ಕಳು ಭಾಷೆಯನ್ನು ಹೊರಗಿನಿಂದ ನೋಡುವ ಶಕ್ತಿ ಪಡೆದಿರುತ್ತಾರೆ, ‘ಏಕೆ’ ಎಂದು ಕೇಳುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೆ ತರಗತಿಯ ನಲವತ್ತು ನಿಮಿಷಗಳಾಚೆ ಇಂಗ್ಲಿಷ್ ಕಿವಿಗೆ ಬೀಳುವುದೇ ಇಲ್ಲ. ತಾನಾಗಿ ಒಳಗಿಳಿಯುವಷ್ಟು ಇಂಗ್ಲಿಷ್ ಸಿಗದ ಕಡೆ, ಈಗಾಗಲೇ ಒಳಗಿರುವ ಕನ್ನಡವನ್ನು ಸಾಣೆ ಹಿಡಿದು ಉಪಯೋಗಿಸುವುದೇ ಸರಿಯಾದ ದಾರಿ ಎಂಬುದು ನನ್ನ ನಂಬಿಕೆ.

ಹಾಗೆ ನೋಡಲು ತೊಡಗಿದರೆ ಪ್ರತಿಯೊಂದು ತಪ್ಪೂ ಮಾತನಾಡುತ್ತದೆ. ‘ಹೀ ಡ್ರೈವರ್’ ಎಂದು ಬರೆದ ಮಗು ‘ಅವನು ಡ್ರೈವರ್’ ಎಂಬ ಪರಿಪೂರ್ಣ ವಾಕ್ಯವನ್ನು ಇಂಗ್ಲಿಷಿನ ಪದಗಳಲ್ಲಿ ಬರೆದಿದೆ. ‘ಇದು ನನ್ನ ಪುಸ್ತಕ’ ಎಂಬಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನ ವಾಕ್ಯಕ್ಕಾದರೋ ಕ್ರಿಯಾಪದವಿಲ್ಲದೆ ನಡೆಯಲಾಗದು. ಹೇಳಲು ಯಾವ ಕ್ರಿಯೆಯೂ ಇಲ್ಲದಾಗ ಆ ಜಾಗವನ್ನು ತುಂಬಲು ‘ಈಸ್’, ‘ಆಮ್’, ‘ಆರ್’ ಬರುತ್ತವೆ. ಇದನ್ನು ನಾನು ಹಲಗೆಯ ಮೇಲೆ ಒಂದು ಖಾಲಿ ಚೌಕ ಬರೆದು ತೋರಿಸುತ್ತೇನೆ. ಕನ್ನಡದ ಸಾಲಿನಲ್ಲಿ ಆ ಚೌಕ ಖಾಲಿಯಾಗಿಯೇ ಉಳಿಯಬಹುದು, ಇಂಗ್ಲಿಷಿನ ಸಾಲಿನಲ್ಲಿ ಅದನ್ನು ತುಂಬಲೇಬೇಕು.

‘ಟು ಮೀ ಟೂ ಸಿಸ್ಟರ್ಸ್’ ಎಂಬುದು ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸಮನಾದ ಒಂದು ಕ್ರಿಯಾಪದವೇ ಇಲ್ಲ. ನನಗೆ ಇಬ್ಬರು ತಂಗಿಯರು ಇದ್ದಾರೆ, ನನ್ನ ಹತ್ತಿರ ಪೆನ್ನು ಇದೆ, ನನಗೆ ಜ್ವರ ಇದೆ, ನಮ್ಮ ಮನೆಗೆ ಎರಡು ಬಾಗಿಲು ಇವೆ. ಎಲ್ಲ ಕಡೆಯೂ ‘ಇರು’ ಎಂಬ ಧಾತುವೇ ಇದೆ. ಕರ್ತೃವಿನ ಜಾಗದಲ್ಲಿ ತಂಗಿಯರು, ಪೆನ್ನು, ಜ್ವರ, ಬಾಗಿಲುಗಳಿವೆ. ನಾನು ಎಂಬುದು ‘ನನಗೆ’ ಆಗಿ, ‘ನನ್ನ ಹತ್ತಿರ’ ಆಗಿ ಪಕ್ಕಕ್ಕೆ ಸರಿದಿದೆ. ಹಸಿವು, ನೆನಪು, ಭಯ, ಇಷ್ಟ, ತಿಳಿವಳಿಕೆ ಇವೆಲ್ಲ ನಮ್ಮ ಭಾಷೆಯಲ್ಲಿ ಮನುಷ್ಯ ಮಾಡುವ ಕೆಲಸಗಳಲ್ಲ, ಮನುಷ್ಯನಿಗೆ ಆಗುವ ಸಂಗತಿಗಳು: ನನಗೆ ಹಸಿವಾಗುತ್ತದೆ, ನನಗೆ ನೆನಪಿದೆ, ನನಗೆ ಗೊತ್ತು. ಇಂಗ್ಲಿಷ್ ಅದೇ ಮನುಷ್ಯನನ್ನು ಎಳೆದು ತಂದು ಕರ್ತೃವಿನ ಪೀಠದಲ್ಲಿ ಕೂರಿಸುತ್ತದೆ. ಈ ಒಂದು ವಿಷಯಕ್ಕೆ ನಾನು ಒಂದು ವಾರ ಪೂರ್ತಿ ಮೀಸಲಿಡುತ್ತೇನೆ. ಮಕ್ಕಳು ‘ನನಗೆ’ ಎಂದು ತೊಡಗುವ ಕನ್ನಡ ವಾಕ್ಯಗಳನ್ನು ಮನೆಯಲ್ಲಿ ಕೇಳಿ ಬರೆದು ತರುತ್ತಾರೆ, ತರಗತಿಯಲ್ಲಿ ಅವುಗಳನ್ನು ‘ಐ’ ಎಂದು ತೊಡಗುವಂತೆ ತಿರುಗಿಸುತ್ತೇವೆ. ಅಜ್ಜಿ ಹೇಳಿದ ‘ನಂಗೆ ಕಾಲು ನೋವು’ ಎಂಬುದು ‘ಐ ಹ್ಯಾವ್ ಲೆಗ್ ಪೇನ್’ ಆದಾಗ ಆ ಮಗುವಿನ ಸಂಭ್ರಮವನ್ನು ನೋಡಬೇಕು.

ಪದಕ್ರಮದ ಪಾಠಕ್ಕೆ ಹುಲಿ ಮತ್ತು ಹಸು ಸಾಕು. ‘ಹುಲಿ ಹಸುವನ್ನು ಕಂಡಿತು’, ‘ಹಸುವನ್ನು ಹುಲಿ ಕಂಡಿತು’ ಎಂದು ಪದಗಳನ್ನು ಅತ್ತಿತ್ತ ಸರಿಸಿದರೂ ಕಂಡದ್ದು ಹುಲಿಯೇ, ಏಕೆಂದರೆ ‘ಅನ್ನು’ ಎಂಬ ಪ್ರತ್ಯಯ ಹಸುವಿಗೆ ಅಂಟಿಕೊಂಡಿದೆ. ರಟ್ಟಿನ ಮೇಲೆ ಬರೆದ ಇಂಗ್ಲಿಷ್ ಪದಗಳನ್ನು ಹಿಡಿದು ನಿಂತ ಮಕ್ಕಳು ಜಾಗ ಬದಲಿಸಿದರೆ ಹಸುವೇ ಹುಲಿಯನ್ನು ಕಂಡಂತಾಗುತ್ತದೆ. ನಮ್ಮಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ ಎಂಬುದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

‘ಮೈ ಫಾದರ್ ಆರ್ ಫಾರ್ಮರ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆಯಲು ನನಗೆ ಮನಸ್ಸೇ ಬರುವುದಿಲ್ಲ. ತಂದೆಯನ್ನು ‘ಅವನು’ ಎನ್ನಲಾಗದ ಮಗು ಬರೆದ ವಾಕ್ಯ ಅದು. ‘ನಮ್ಮ ತಂದೆಯವರು ರೈತರು, ಅವರು ಬೆಳಿಗ್ಗೆ ಬೇಗ ಏಳುತ್ತಾರೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡ ಮಗುವಿಗೆ ‘ಹೀ’ ಎಂದು ಬರೆಯುವುದು ಅಗೌರವವಾಗಿ ಕಾಣುತ್ತದೆ. ಕೆಲವರು ‘ದೇ’ ಎಂದೇ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಗೌರವಕ್ಕೆ ಬಹುವಚನವನ್ನು ಬಳಸುವುದಿಲ್ಲ, ‘ಹೀ’ ಎಂದರೆ ‘ಅವನು’ ಎಂದೂ ಹೌದು, ‘ಅವರು’ ಎಂದೂ ಹೌದು, ಮುಖ್ಯಮಂತ್ರಿಗೂ ‘ಹೀ’, ತಮ್ಮನಿಗೂ ‘ಹೀ’ ಎಂದು ಬಿಡಿಸಿ ಹೇಳಿದ ಮೇಲೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಇದರ ಬೆನ್ನಿಗೇ ಬರುವುದು ಕ್ರಿಯಾಪದದ ಕೊನೆಯ ‘ಎಸ್’. ಕಲಿಯುವವರೆಲ್ಲರಿಗೂ ತಡವಾಗಿ ಬರುವ ಅಂಶಗಳಲ್ಲಿ ಇದೂ ಒಂದು, ಅವಸರಪಡಬಾರದು. ನಾನು ಮೊದಲು ಕನ್ನಡದ ರೂಪಗಳನ್ನು ಮಕ್ಕಳಿಂದಲೇ ಹೇಳಿಸುತ್ತೇನೆ: ಬರುತ್ತೇನೆ, ಬರುತ್ತೇವೆ, ಬರುತ್ತೀಯೆ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ. ಒಟ್ಟು 9. ಇಷ್ಟನ್ನೂ ಶಾಲೆಗೆ ಬರುವ ಮೊದಲೇ ತಪ್ಪಿಲ್ಲದೆ ಕಲಿತವರು ನೀವು, ಇಂಗ್ಲಿಷಿನಲ್ಲಿರುವುದು ಕೇವಲ ಎರಡು, ‘ಕಮ್’ ಮತ್ತು ‘ಕಮ್ಸ್’ ಎಂದಾಗ ಅವರ ಬೆನ್ನು ನೆಟ್ಟಗಾಗುತ್ತದೆ. ಹೆಸರಿನ ಕೊನೆಯ ‘ಎಸ್’ ಬಹುವಚನ, ಕ್ರಿಯಾಪದದ ಕೊನೆಯ ‘ಎಸ್’ ಏಕವಚನ ಎಂಬ ಗೊಂದಲವೇ ‘ದೇ ಕಮ್ಸ್’ ಎಂಬ ತಪ್ಪಿನ ಮೂಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಎತ್ತಿ ಹೇಳಬೇಕು. ಇನ್ನೊಂದು ಮಾತು: ನಮ್ಮ ಕ್ರಿಯಾಪದ ಇಷ್ಟೆಲ್ಲ ಸುಳಿವು ಕೊಡುವುದರಿಂದಲೇ ನಾವು ‘ಬರುತ್ತೇನೆ’ ಎಂದಷ್ಟೇ ಹೇಳಿ ಹೊರಡಬಹುದು. ಇಂಗ್ಲಿಷಿನ ಕ್ರಿಯಾಪದ ಅಷ್ಟು ಮಾತನಾಡುವುದಿಲ್ಲ, ಆದ್ದರಿಂದ ಅಲ್ಲಿ ಕರ್ತೃವನ್ನು ಬಿಡುವಂತಿಲ್ಲ. ಮಳೆ ಬಂದರೂ ‘ಇಟ್’ ಎಂಬ ಒಂದು ಕರ್ತೃ ಬೇಕು.

ಎ, ಆನ್, ದಿ ಎಂಬ ಆರ್ಟಿಕಲ್‌ಗಳ ಪಾಠ ಎಲ್ಲಕ್ಕಿಂತ ಕಷ್ಟದ್ದೆಂದು ಶಿಕ್ಷಕರು ಹೇಳುವುದುಂಟು, ಕನ್ನಡದಲ್ಲಿ ಅವು ಇಲ್ಲವೇ ಇಲ್ಲ ಎಂಬುದು ಅವರ ವಾದ. ನಾನು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಜ್ಜಿ ಹೇಳುವ ಕಥೆಯನ್ನು ನೆನಪಿಸಿಕೊಳ್ಳಿ. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ. ಆ ರಾಜನಿಗೆ ಇಬ್ಬರು ಮಕ್ಕಳು.’ ಮೊದಲ ಸಲ ಕಾಣಿಸಿಕೊಂಡಾಗ ‘ಒಬ್ಬ’, ಎರಡನೆಯ ಸಲ ‘ಆ’. ಮೊದಲನೆಯದು ‘ಎ’, ಎರಡನೆಯದು ‘ದಿ’. ಕಥೆಯನ್ನು ‘ಆ ರಾಜ’ ಎಂದು ತೊಡಗಿದರೆ ಕೇಳುವ ಮಗು ‘ಯಾವ ರಾಜ?’ ಎಂದು ಕೇಳದೆ ಬಿಡುವುದಿಲ್ಲ. ‘ದಿ’ ಎಂಬುದರ ಅರ್ಥವಿಡೀ ಆ ಪ್ರಶ್ನೆಯಲ್ಲಿದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗುರುತೂ ನಮ್ಮಲ್ಲಿದೆ. ‘ಪುಸ್ತಕ ತಂದಳು’ ಎಂದರೆ ಯಾವುದೋ ಪುಸ್ತಕ; ‘ಪುಸ್ತಕವನ್ನು ತಂದಳು’ ಎಂದರೆ ಕೇಳುವವರಿಗೂ ತಿಳಿದಿರುವ, ಮಾತಿನಲ್ಲಿ ಆಗಲೇ ಬಂದಿರುವ ಪುಸ್ತಕ ಎಂಬ ಛಾಯೆ ಮೂಡುತ್ತದೆ. ಎಂಟನೆಯ ತರಗತಿಯ ಜಾಣ ಮಕ್ಕಳು ಇದನ್ನು ಹಿಡಿಯುತ್ತಾರೆ. ಆದರೂ ಕನ್ನಡ ಕೈ ಹಿಡಿಯುವುದು ಅರ್ಧ ದಾರಿಯವರೆಗೆ ಮಾತ್ರ. ‘ಅವನು ಡ್ರೈವರ್’ ಎಂಬಲ್ಲಿ ‘ಒಬ್ಬ’ ಬೇಕಿಲ್ಲ, ‘ಹೀ ಈಸ್ ಎ ಡ್ರೈವರ್’ ಎಂಬಲ್ಲಿ ‘ಎ’ ಬೇಕೇ ಬೇಕು; ಸೂರ್ಯನಿಗೆ ನಾವು ‘ಆ’ ಎನ್ನುವುದಿಲ್ಲ, ಇಂಗ್ಲಿಷಿನವರು ‘ದಿ’ ಎನ್ನದೆ ಬಿಡುವುದಿಲ್ಲ. ಉಳಿದರ್ಧ ದಾರಿಯನ್ನು ಓದು ಸವೆಸಬೇಕು, ಸಣ್ಣ ಸಣ್ಣ ಕಥೆಗಳ ಗಟ್ಟಿ ಓದು, ಮತ್ತೆ ಮತ್ತೆ.

‘ಎ’ ಮತ್ತು ‘ಆನ್’ ನಡುವಿನ ಆಯ್ಕೆಗೆ ನಮ್ಮ ಲಿಪಿಯೇ ಗುರು. ‘ಯು’ ಎಂಬ ಅಕ್ಷರದಿಂದ ತೊಡಗುವ ‘ಅಂಬ್ರೆಲಾ’ಕ್ಕೆ ‘ಆನ್’, ಅದೇ ಅಕ್ಷರದಿಂದ ತೊಡಗುವ ‘ಯೂನಿಫಾರ್ಮ್’ಗೆ ‘ಎ’ ಏಕೆಂದು ಮಕ್ಕಳು ಗೊಂದಲಪಡುತ್ತಾರೆ. ಎರಡನ್ನೂ ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ‘ಅಂಬ್ರೆಲಾ’ ಸ್ವರದಿಂದ ತೊಡಗುತ್ತದೆ, ‘ಯೂನಿಫಾರ್ಮ್’ ಯಕಾರದಿಂದ ತೊಡಗುತ್ತದೆ. ‘ಅವರ್’, ‘ಆನೆಸ್ಟ್’ ಎಂದು ಬರೆದರೆ ಇಂಗ್ಲಿಷಿನ ಉಚ್ಚಾರವಿಲ್ಲದ ‘ಎಚ್’ ಕನ್ನಡದ ಬರವಣಿಗೆಯಲ್ಲಿ ಇಲ್ಲವಾಗುತ್ತದೆ. ಉಚ್ಚಾರವನ್ನೇ ಬರೆಯುವ ಲಿಪಿ ಇರುವವರಿಗೆ ಈ ನಿಯಮ ಕಣ್ಣಿಗೇ ಕಾಣುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಎಮ್ಮೆಯನ್ನು ‘ಯೆಮ್ಮೆ’ ಎನ್ನುವ ನಮ್ಮ ನಾಲಗೆ ‘ಎಗ್’ ಎಂಬುದನ್ನೂ ‘ಯೆಗ್’ ಎನ್ನುವುದರಿಂದ ‘ಎ ಎಗ್’ ಎಂಬ ತಪ್ಪು ಬರುತ್ತದೆ.

ರಜಾ ಅರ್ಜಿಗಳಲ್ಲಿ ಪ್ರತಿ ವಾರ ಓದುವ ‘ಫೀವರ್ ಸಿನ್ಸ್ ಟೂ ಡೇಸ್’ ಎಂಬ ತಪ್ಪು ನಮ್ಮ ‘ಇಂದ’ ಎಂಬ ಪ್ರತ್ಯಯದ ಔದಾರ್ಯದಿಂದ ಹುಟ್ಟಿದ್ದು. ಊರಿನಿಂದ ಬಂದ, ಚಾಕುವಿನಿಂದ ಕತ್ತರಿಸಿದ, ಜ್ವರದಿಂದ ಮಲಗಿದ, ಸೋಮವಾರದಿಂದ ಬಂದಿಲ್ಲ, ಎರಡು ದಿನದಿಂದ ಬಂದಿಲ್ಲ. ಐದು ಕಡೆ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಫ್ರಮ್, ವಿತ್, ಬಿಕಾಸ್ ಆಫ್, ಸಿನ್ಸ್, ಫಾರ್ ಎಂದು ಐದು ಬಾಗಿಲು. ಕ್ಯಾಲೆಂಡರಿನ ಮೇಲೆ ಒಂದು ಬೆರಳಿಟ್ಟು ತೋರಿಸಬಹುದಾದ ದಿನವಾದರೆ ‘ಸಿನ್ಸ್’, ಬೆರಳುಗಳನ್ನು ಮಡಿಸಿ ಎಣಿಸಬೇಕಾದ ಅವಧಿಯಾದರೆ ‘ಫಾರ್’ ಎಂದು ನಾನು ಹೇಳಿಕೊಡುತ್ತೇನೆ. ‘ಅಲ್ಲಿ’ ಎಂಬ ಸಪ್ತಮಿಯದೂ ಇದೇ ಕಥೆ, ಅದು ಇನ್, ಆನ್, ಆಟ್ ಮೂರಕ್ಕೂ ಸಲ್ಲುತ್ತದೆ.

‘ಐ ಹ್ಯಾಡ್ ಗಾನ್ ಟು ಮೈಸೂರು’ ಎಂಬುದರ ಹಿಂದೆ ‘ಹೋಗಿದ್ದೆ’ ಇದೆ. ‘ಮೈಸೂರಿಗೆ ಹೋದೆ’ ಎನ್ನುವುದಕ್ಕಿಂತ ‘ಹೋಗಿದ್ದೆ’ ಎನ್ನುವುದರಲ್ಲಿ ಹೋಗಿ ಮರಳಿ ಬಂದಾಯಿತು ಎಂಬ ಭಾವವಿದೆ, ಆದ್ದರಿಂದ ಮಗು ಅದನ್ನೇ ಆರಿಸಿಕೊಳ್ಳುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಬೇರೊಂದು ಭೂತಕಾಲದ ಘಟನೆಯ ಆಸರೆಯಿಲ್ಲದೆ ನಿಲ್ಲುವುದಿಲ್ಲ. ಕನ್ನಡದ ಹೋಲಿಕೆ ದಾರಿ ತಪ್ಪಿಸುವ ಇಂಥ ಜಾಗಗಳನ್ನು ಮುಚ್ಚಿಡದೆ ತೋರಿಸಬೇಕು. ಸೇತುವೆ ಎಲ್ಲಿ ಮುಗಿಯುತ್ತದೆಂದು ತಿಳಿಯದವನು ನೀರಿಗೆ ಬೀಳುತ್ತಾನೆ.

ಕರ್ಮಣಿ ಪ್ರಯೋಗದ ವಿಷಯದಲ್ಲಿ ನಮ್ಮ ಶಾಲೆಗಳ ಕನ್ನಡ ವ್ಯಾಕರಣವೇ ಅಡ್ಡಿಯಾಗುತ್ತದೆ ಎಂದು ಹೇಳಬೇಕಾಗಿದೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ವಾಕ್ಯವನ್ನು ಮಕ್ಕಳು ಪರೀಕ್ಷೆಯ ಹೊರಗೆ ಎಂದೂ ಕೇಳಿರುವುದಿಲ್ಲ. ಕನ್ನಡಕ್ಕೆ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದ ವ್ಯಾಕರಣದ ಬದಲು ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬಲವಾಗಿ ವಾದಿಸಿದರು; ಇಂಗ್ಲಿಷ್ ಕಲಿಸುವಾಗಲೇ ನನಗೆ ಆ ವಾದದ ತೂಕ ಗೊತ್ತಾದದ್ದು. ‘ವಿಧಾನಸೌಧವನ್ನು 1956ರಲ್ಲಿ ಕಟ್ಟಿ ಮುಗಿಸಿದರು.’ ಯಾರು? ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಕಟ್ಟಿದವರನ್ನು ಮರೆಗೆ ಸರಿಸಿ ಕಟ್ಟಡವನ್ನು ಮುಂದಿಡಲು ಕನ್ನಡ ಆಡುಮಾತು ಬಳಸುವ ಈ ವಾಕ್ಯವೇ ಇಂಗ್ಲಿಷಿನ ‘ವಾಸ್ ಕಂಪ್ಲೀಟೆಡ್’ ಎಂಬುದರ ನಿಜವಾದ ಜೋಡಿ. ಅಲ್ಲಿಂದ ತೊಡಗಿದರೆ ಕರ್ಮಣಿ ಪ್ರಯೋಗ ಯಾವಾಗ ಬೇಕು, ಯಾವಾಗ ಬೇಡ ಎಂಬುದೂ ಮಕ್ಕಳಿಗೆ ತಿಳಿಯುತ್ತದೆ.

ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷೇ ನಡೆಯಬೇಕು, ಕನ್ನಡ ಬಂದರೆ ಕೆಟ್ಟಿತು ಎಂಬ ಮಾತನ್ನು ಸಮಾಲೋಚನಾ ಸಭೆಗಳಲ್ಲಿ ಹಲವು ಸಲ ಕೇಳಿದ್ದೇನೆ. ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಪಾಠವನ್ನು ನೋಡಲು ಬಂದವರು ಹಲಗೆಯ ಮೇಲಿನ ಕನ್ನಡವನ್ನು ಕಂಡು ಅಸಮಾಧಾನ ಬರೆದು ಹೋದದ್ದೂ ಉಂಟು. ಕೇಳಿಸಿಕೊಳ್ಳುವುದು, ಮಾತನಾಡುವುದು, ಓದುವುದು ಇಂಗ್ಲಿಷಿನಲ್ಲೇ ನಡೆಯಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ವಾರದ ಆರು ಅವಧಿಗಳಲ್ಲಿ ವ್ಯಾಕರಣಕ್ಕೆಂದು ನಾನು ತೆಗೆದುಕೊಳ್ಳುವುದು ಒಂದನ್ನು ಮಾತ್ರ. ಆದರೆ ವಿವರಣೆ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರ ಶೈಕ್ಷಣಿಕ ವರ್ಷದಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ; ಆರನೆಯ ತರಗತಿಗೆ ಬರುವ ಮಗುವಿಗೆ ಹಣ್ಣುಗಳ, ಬಣ್ಣಗಳ, ಪ್ರಾಣಿಗಳ ಹೆಸರುಗಳೆಲ್ಲ ಗೊತ್ತಿರುತ್ತವೆ, ಅವನ್ನು ಪೋಣಿಸುವ ದಾರ ಮಾತ್ರ ಸಿಕ್ಕಿರುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದೇ ಕಂಡಿತು, ಅಡ್ಡಿಯೆಂದು ಕಾಣಲಿಲ್ಲ.

ಈ ದಾರಿಯಲ್ಲಿ ಶಿಕ್ಷಕರಿಗೆ ಒಂದು ಹೆಚ್ಚಿನ ಹೊಣೆಯಿದೆ, ಕನ್ನಡ ವ್ಯಾಕರಣವನ್ನು ಮೊದಲು ನಾವು ಕಲಿಯಬೇಕು. ನಮ್ಮ ಶಾಲೆಯಲ್ಲಿ ಕನ್ನಡ ಕಲಿಸುವ ಸಹೋದ್ಯೋಗಿಯೊಡನೆ ಕುಳಿತು ಅವರು ವಿಭಕ್ತಿಗಳನ್ನು ಯಾವ ತಿಂಗಳು ಮಾಡುತ್ತಾರೋ ಅದರ ಮರುವಾರ ನಾನು ಇಂಗ್ಲಿಷಿನ ಪ್ರಿಪೊಸಿಷನ್‌ಗಳನ್ನು ಇಟ್ಟುಕೊಳ್ಳುವಂತೆ ಹೊಂದಿಸಿಕೊಂಡಿದ್ದೇವೆ. ಪಾರಿಭಾಷಿಕ ಹೆಸರುಗಳನ್ನು ನಾನು ಕೊನೆಗೆ ಹೇಳುತ್ತೇನೆ, ವಸ್ತು ಕೈಗೆ ಸಿಕ್ಕ ಮೇಲೆ.

ನಮ್ಮ ತರಗತಿಯಲ್ಲಿ ಮನೆಮಾತು ಕನ್ನಡವಲ್ಲದವರೂ ಇದ್ದಾರೆ, ಲಂಬಾಣಿ ಆಡುವವರು, ಉರ್ದು ಆಡುವವರು, ತೆಲುಗು ಆಡುವವರು. ಅವರಿಗೆ ಈ ಹೋಲಿಕೆಗಳು ಒಂದು ಹೆಜ್ಜೆ ದೂರದವು. ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿ ಅದನ್ನೂ ಕನ್ನಡ ಲಿಪಿಯಲ್ಲಿ ಹಲಗೆಗೆ ಏರಿಸುತ್ತೇನೆ. ಹಿಂದೆ ಮುದುಡಿ ಕೂರುತ್ತಿದ್ದ ಒಂದು ಮಗು ತನ್ನ ಮನೆಯ ಮಾತನ್ನು ಇಡೀ ತರಗತಿಗೆ ಹೇಳಿಕೊಟ್ಟ ದಿನದಿಂದ ಇಂಗ್ಲಿಷಿನಲ್ಲೂ ಕೈ ಎತ್ತತೊಡಗಿತು.

ಕಳೆದ ತಿಂಗಳು ಎಂಟನೆಯ ತರಗತಿಯಲ್ಲಿ ‘ಶೀ ಮಸ್ಟ್ ಕಮ್’ ಎಂಬ ವಾಕ್ಯ ಬಂತು. ‘ಶೀ ಇದೆಯಲ್ಲ ಮಿಸ್, ಮಸ್ಟ್‌ಗೆ ಎಸ್ ಯಾಕೆ ಬರಲಿಲ್ಲ?’ ಎಂದು ಒಬ್ಬ ಹುಡುಗ ಕೇಳಿದ. ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಅವನ ಪಕ್ಕದ ಸಾಲಿನ ಹುಡುಗಿ ತನ್ನ ಪುಸ್ತಕದಲ್ಲಿ ಏನನ್ನೋ ಬರೆಯತೊಡಗಿದ್ದಳು. ಎಡಗಡೆ ‘ನಾನು ಬರಬೇಕು, ಅವಳು ಬರಬೇಕು, ಅವರು ಬರಬೇಕು’ ಎಂದಿತ್ತು. ಅದರ ಕೆಳಗೆ ‘ನಾನು ಬರಬಹುದು, ಅವಳು ಬರಬಹುದು, ಅವರು ಬರಬಹುದು’. ‘ಬೇಕು, ಬಹುದು ಯಾರಿಗೂ ಬದಲಾಗಲ್ಲ ಮಿಸ್, ಮಸ್ಟೂ ಹಂಗೇ ಇರಬೇಕು, ಮೇ ಕೂಡ’ ಎಂದಳು. ಚಾಕನ್ನು ಅವಳ ಕೈಗೆ ಕೊಟ್ಟು ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ.